ಕಾಬೂಲ್‌ಗೆ ಹೊರಟಿರುವ ಮಗಳಿಗೆ

ಪುಟ್ಟಿ,

ನಿನ್ನೆ ನಾನೂ ಅಮ್ಮನೂ ಭಟ್ಕಳಕ್ಕೆ ಹೋಗಿ ನಿನಗೆ ಮೈ ಮುಚ್ಚುವ ಉದ್ದ ನಿಲುವಂಗಿ, ಎರಡು ಅಬಾಯಾ ತಂದೆವು. ಒಂದು ಕಪ್ಪು, ಒಂದು ಕಡು ನೀಲಿ. ಕಾಬೂಲ್ ಅಂದ ಕೂಡಲೇ ಅಂಗಡಿಯ ಹೆಂಗಸು ಜರಿ, ಹರಳು ಇದ್ದದ್ದನ್ನೆಲ್ಲ ಆಚೆ ಸರಿಸಿ ಸಾದಾ ಬಟ್ಟೆಯದ್ದು ತೆಗೆದರು. ತೋಳಿನ ತುದಿಗೆ ಎಲಾಸ್ಟಿಕ್ ಇರುವುದನ್ನೇ ತಗೊಳ್ಳಿ, ಕೈ ಎತ್ತಿದಾಗ ಮೇಲೆ ಜಾರುವುದಿಲ್ಲ ಎಂದರು. ಮನೆಗೆ ಬಂದ ಮೇಲೆ ಅಮ್ಮ ಅದನ್ನು ತಾನೇ ಹಾಕಿಕೊಂಡು ಜಗಲಿಯ ಮೆಟ್ಟಿಲನ್ನು ನಾಲ್ಕು ಸಲ ಹತ್ತಿ ಇಳಿದಳು. ಮೂರನೇ ಸಲ ಅಂಚು ಕಾಲಿಗೆ ಸಿಕ್ಕಿಕೊಂಡಿತು. ಓಡುವ ಪ್ರಸಂಗ ಬಂದರೆ ಏನು ಕಥೆ ಅಂತ ಅವಳ ಯೋಚನೆ, ಬಾಯಿ ಬಿಟ್ಟು ಹೇಳಲಿಲ್ಲ. ರಾತ್ರಿ ಹೊಲಿಗೆ ಮಷೀನಿನ ಮುಂದೆ ಕೂತು ಎರಡು ಇಂಚು ಮಡಚಿ ಹೊಲಿದಿದ್ದಾಳೆ.

ಹೋಗಬೇಡ ಅಂತ ನಾನು ಹೇಳುವುದಿಲ್ಲ. ಅಲ್ಲಿ 2024ರ ಡಿಸೆಂಬರ್‌ನಲ್ಲಿ ಹುಡುಗಿಯರು ನರ್ಸಿಂಗ್, ಸೂಲಗಿತ್ತಿ ಕೆಲಸ ಕಲಿಯುವುದನ್ನೂ ತಾಲಿಬಾನಿನವರು ನಿಲ್ಲಿಸಿಬಿಟ್ಟರು. ಹೈಸ್ಕೂಲು, ಕಾಲೇಜು ಅದಕ್ಕೂ ಮೊದಲೇ ಮುಚ್ಚಿತ್ತು. ಹೆಂಗಸರನ್ನು ಗಂಡು ಡಾಕ್ಟರಿಗೆ ತೋರಿಸಲು ಒಪ್ಪದ ಮನೆಗಳು ಎಷ್ಟೋ ಇವೆ, ಹೊಸ ಹೆಣ್ಣು ನರ್ಸುಗಳು ತಯಾರಾಗುವ ದಾರಿಯೂ ಇಲ್ಲ ಅಂದರೆ ಹೆರಿಗೆ ಮಾಡಿಸುವವರು ಯಾರು? ಲೇಬರ್ ರೂಮಿನ ಕೆಲಸ ಗೊತ್ತಿರುವ ನೀನು ಹೋಗುತ್ತೇನೆ ಅಂದರೆ ಅದಕ್ಕೆ ಅಡ್ಡ ನಿಲ್ಲಲು ನನಗೆ ಮನಸ್ಸು ಬರುವುದಿಲ್ಲ. ಹೆದರಿಕೆ ಇದೆ. ಅದು ಇರಲಿ.

ನಾನು ಆ ದೇಶದಲ್ಲಿ ಎರಡು ವರ್ಷ ಇದ್ದೆ ಅಂತ ಎಲ್ಲರ ಹತ್ತಿರ ಹೇಳುತ್ತೀಯ. ನಿಜ ಹೇಳಬೇಕೆಂದರೆ ನಾನು ಇದ್ದದ್ದು ಬಾಗ್ರಾಮ್‌ನ ಸೇನಾ ನೆಲೆಯ ಗೋಡೆಯ ಒಳಗೆ, ಅಮೆರಿಕದವರ ಅಡುಗೆಮನೆಯಲ್ಲಿ. ಕಾಬೂಲ್ ಅಲ್ಲಿಂದ ಸುಮಾರು 50 ಕಿಲೋಮೀಟರ್, ಒಂದು ದಿನವೂ ಹೊರಗೆ ಕಾಲಿಟ್ಟು ನೋಡಲಿಲ್ಲ. ಹಿಂದೂಕುಶ್ ಬೆಟ್ಟದ ಹಿಮ ಮಾತ್ರ ಬೆಳಿಗ್ಗೆ ಡ್ಯೂಟಿಗೆ ಹೋಗುವಾಗ ಕಾಣುತ್ತಿತ್ತು. ಆದರೆ ಒಂದು ಅಭ್ಯಾಸ ಅಲ್ಲಿ ಕಲಿತೆ. ರಾಕೆಟ್ ಬರುವ ಮೊದಲು ಮೈಕಿನಲ್ಲಿ 'ಇನ್ಕಮಿಂಗ್, ಇನ್ಕಮಿಂಗ್' ಅಂತ ಕೂಗುತ್ತಿತ್ತು. ಕೇಳಿದ ಕೂಡಲೇ ಇದ್ದಲ್ಲೇ ನೆಲಕ್ಕೆ ಬೋರಲು ಬೀಳಬೇಕು, ಆಮೇಲೆ ಬಂಕರಿಗೆ ಓಡಬೇಕು. ಆವತ್ತಿಂದ ನನ್ನ ಶೂ ಮಂಚದ ಪಕ್ಕದಲ್ಲೇ, ಲೇಸು ಸಡಿಲ ಮಾಡಿ, ಮೂತಿ ಹೊರಗೆ ತಿರುಗಿಸಿ ಇಟ್ಟಿರುತ್ತಿತ್ತು. ಪಾಸ್‌ಪೋರ್ಟು ಕತ್ತಿನ ಚೀಲದಲ್ಲಿ.

ಅದಕ್ಕೇ ಹೇಳುತ್ತೇನೆ, ದೊಡ್ಡ ಸೂಟ್‌ಕೇಸಿನ ಚಿಂತೆ ಅಮ್ಮನಿಗೆ ಬಿಡು, ನೀನು ಸಣ್ಣ ಬ್ಯಾಗು ನೋಡಿಕೊ. ಅದು ರೂಮಿನ ಬಾಗಿಲ ಹತ್ತಿರವೇ ಇರಬೇಕು, ಕತ್ತಲಲ್ಲೂ ಕೈಗೆ ಸಿಗಬೇಕು. ಪಾಸ್‌ಪೋರ್ಟಿನ, ವೀಸಾದ ಪ್ರತಿ, ದುಡ್ಡು, ಒಂದು ವಾರದ ಮಾತ್ರೆ, ಟಾರ್ಚು, ಪವರ್ ಬ್ಯಾಂಕು, ನೀರು, ಒಂದು ಜೊತೆ ಬಟ್ಟೆ, ವೇಲು. ಉಳಿದದ್ದೆಲ್ಲ ಅಲ್ಲೇ ಬಿಟ್ಟು ಬರುವಂಥದ್ದು ಅಂದುಕೊಂಡೇ ತುಂಬು. 2021ರ ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನಿನವರ ಕೈಗೆ ಹೋದಾಗ ನಮ್ಮ ಕಡೆಯವರೂ ಎಷ್ಟೋ ಜನ ಅಲ್ಲಿಂದ ಬಂದರಲ್ಲ, ಸೂಟ್‌ಕೇಸಿನ ಕಡೆ ನೋಡುವಷ್ಟು ಹೊತ್ತು ಯಾರಿಗಿತ್ತು? ಅಜ್ಜಿಯ ಬಳೆ ಹಾಕಿಕೊಂಡು ಹೋಗುತ್ತೇನೆ ಅಂದೆಯಂತೆ. ಬೇಡ ಮಗಾ, ಇಲ್ಲೇ ಇರಲಿ.

ದುಡ್ಡು ಡಾಲರ್ ನೋಟೇ ಒಯ್ಯಬೇಕು. ನಮ್ಮ ಕಾರ್ಡು ಅಲ್ಲಿ ನಡೆಯುತ್ತದೆ ಅಂತ ನಂಬಿ ಹೋಗಬೇಡ. ನೋಟು ಹೊಸದಿರಲಿ, ಹರಿದದ್ದು, ಗೀಚಿದ್ದು ಇದ್ದರೆ ತಕರಾರು ಮಾಡುತ್ತಾರೆ. ಪೋಲಿಯೊ ಇನ್ನೂ ಇರುವ ದೇಶ ಅದು, ಹನಿ ಹಾಕಿಸಿಕೊಂಡು ಸರ್ಟಿಫಿಕೇಟು ಈಗಲೇ ಮಾಡಿಸು, ಕೊನೇ ವಾರಕ್ಕೆ ಇಟ್ಟುಕೊಳ್ಳಬೇಡ. ಇನ್ಶೂರೆನ್ಸಿನ ಸಣ್ಣ ಅಕ್ಷರವನ್ನೂ ಓದು, ಮಾಮೂಲಿ ಟ್ರಾವೆಲ್ ಪಾಲಿಸಿಗಳು ಸಾಮಾನ್ಯವಾಗಿ ಯುದ್ಧಕ್ಕೆ ಅನ್ವಯ ಆಗುವುದಿಲ್ಲ.

ನನ್ನ ಹಳೇ ಜಾಕೆಟ್ ಕೇಳಿದ್ದೀಯ. ಕಾಬೂಲ್ ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರ, ಚಳಿಗಾಲದಲ್ಲಿ ಸೊನ್ನೆಗಿಂತ ಕೆಳಗೆ ಹೋಗುತ್ತದೆ, ಆ ಜಾಕೆಟ್ ಬೆಚ್ಚಗಿದೆ, ಎಲ್ಲ ಸರಿ. ಆದರೆ ಅದು ಮಿಲಿಟರಿ ಬಣ್ಣ. ಚೆಕ್‌ಪೋಸ್ಟಿನಲ್ಲಿ ಬ್ಯಾಗು ಬಿಚ್ಚಿದವನಿಗೆ ಅದು ಏನಾಗಿ ಕಾಣುತ್ತದೋ ಯಾರಿಗೆ ಗೊತ್ತು. ಹೊಸದು ಕೊಡಿಸುತ್ತೇನೆ. ಫೋನಿನಲ್ಲಿರುವ ಫೋಟೋಗಳನ್ನೂ ಒಮ್ಮೆ ಕೂತು ನೋಡು, ಬೇಡದ್ದನ್ನು ತೆಗೆ. ಅಲ್ಲಿ ಹೋದ ಮೇಲೆ ಚೆಕ್‌ಪೋಸ್ಟು, ಬಂದೂಕು ಹಿಡಿದವರು, ಹೆಂಗಸರು, ಯಾರ ಕಡೆಗೂ ಕ್ಯಾಮೆರಾ ಎತ್ತಬೇಡ. ವೇಲು ಕಾಟನ್ನೇ ಇರಲಿ, ಸಿಲ್ಕು ತಲೆ ಮೇಲೆ ನಿಲ್ಲುವುದಿಲ್ಲ.

ಮೊನ್ನೆ ನನಗೆ ತುಂಬ ಸಂಕಟ ಆದದ್ದು ಬೇರೆ ವಿಷಯಕ್ಕೆ. 2024ರ ಆಗಸ್ಟ್‌ನಲ್ಲಿ ಬಂದ ಕಾನೂನಿನ ಬಗ್ಗೆ ಓದಿದೆ, ಹೆಂಗಸರ ದನಿ, ಹಾಡು ಹೊರಗೆ ಕೇಳಬಾರದಂತೆ. ನೀನು ಪಾತ್ರೆ ತೊಳೆಯುವಾಗಲೂ ಗುನುಗುವ ಹುಡುಗಿ. ಬೀದಿಯಲ್ಲಿ, ಗಾಡಿಯಲ್ಲಿ ಜಾಗ್ರತೆ ಮಗಾ. ವಾರ್ಡಿನ ಒಳಗೆ ಹೇಗೆ ಅಂತ ಅಲ್ಲಿಯ ನರ್ಸುಗಳನ್ನು ಮೊದಲೇ ಕೇಳಿಕೊ. ನೀನು ಮಾಡಿದ ತಪ್ಪಿಗೆ ಪೆಟ್ಟು ಬೀಳುವುದು ಅವರಿಗೆ. ನಿನಗೆ ವಾಪಸ್ ಟಿಕೆಟ್ ಇದೆ, ಅವರಿಗೆ ಇಲ್ಲ. ಗಂಡಸಿನ ಜೊತೆ ಇಲ್ಲದೆ 72 ಕಿಲೋಮೀಟರ್‌ಗಿಂತ ದೂರ ಹೋಗಬಾರದು ಅಂತ ಆ ಹೆಂಗಸರಿಗೆ 2021ರಿಂದ ಇದೆ. ನಿನ್ನ ಓಡಾಟಕ್ಕೆ ಯಾವ ನಿಯಮ ಅನ್ನುವುದನ್ನು ಆಫೀಸಿನವರ ಹತ್ತಿರ ಬರಹದಲ್ಲೇ ತಗೊ.

ವಯಸ್ಸಾದ ಹೆಂಗಸರನ್ನು 'ಖಾಲಾ' ಅನ್ನು, ನಮ್ಮಲ್ಲಿ ಚಿಕ್ಕಮ್ಮ ಅಂದ ಹಾಗೆ. ನೋವಿಗೆ 'ದರ್ದ್', ನೀರಿಗೆ 'ಆಬ್', ಥ್ಯಾಂಕ್ಸ್‌ಗೆ 'ತಶಕ್ಕುರ್'. ಇಷ್ಟಕ್ಕೇ ಆ ದೇಶದವರ ಮುಖ ಅರಳುವುದನ್ನು ಬಾಗ್ರಾಮ್‌ನಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ.

2025ರ ಸೆಪ್ಟೆಂಬರ್ ಕೊನೆಗೆ ಎರಡು ದಿನ ಇಡೀ ದೇಶದ ಇಂಟರ್ನೆಟ್ಟೇ ನಿಂತಿತ್ತು. ಮತ್ತೆ ಹಾಗಾದರೆ ಎರಡು ದಿನದ ತನಕ ನಾವು ಗಾಬರಿ ಆಗುವುದಿಲ್ಲ ಅಂತ ಅಮ್ಮನ ಹತ್ತಿರ ಮಾತು ತಗೊಂಡಿದ್ದೇನೆ. ರಾಯಭಾರ ಕಚೇರಿಯದ್ದು, ನಮ್ಮದು, ಮಾವನದು, ಎಲ್ಲ ನಂಬರು ಕಾಗದದಲ್ಲಿ ಬರೆದುಕೊ. ಅಲ್ಲಿ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಹಿಂದೆ, ನೀನು ರಾತ್ರಿ ಎಂಟಕ್ಕೆ ಮಾಡಿದರೆ ಇಲ್ಲಿ ಒಂಬತ್ತು, ನಾವು ಊಟ ಮಾಡದೆ ಕಾದಿರುತ್ತೇವೆ.

ಇನ್ನು ಆ ಫಾರ್ಮಿನ ವಿಷಯ. ಮನೆಯವರಿಗೆ ಮಾತ್ರ ಉತ್ತರ ಗೊತ್ತಿರುವ ಒಂದು ಪ್ರಶ್ನೆ ಬರೆದುಕೊಡಬೇಕು ಅಂತ ನೀನು ಫೋನಿನಲ್ಲಿ ಸುಮ್ನೆ ಏನೋ ಹೇಳಿದ ಹಾಗೆ ಹೇಳಿದೆ. ಅದು ಯಾಕೆ ಅಂತ ನನಗೆ ಗೊತ್ತಾಯಿತು. ನಿನ್ನನ್ನು ಯಾರಾದರೂ ಹಿಡಿದುಕೊಂಡು ಹೋದರೆ, ನೀನು ಜೀವಂತ ಇದ್ದೀಯ ಅಂತ ತಿಳಿಯಲು ಕೇಳುವ ಪ್ರಶ್ನೆ. ಫೋನ್ ಇಟ್ಟ ಮೇಲೆ ಕೊಟ್ಟಿಗೆಗೆ ಹೋಗಿ ತುಂಬ ಹೊತ್ತು ನಿಂತಿದ್ದೆ. ಅಮ್ಮನಿಗೆ ಹೇಳಿಲ್ಲ, ನೀನೂ ಹೇಳಬೇಡ.

ಶಾಲೆಯ ಹೆಸರು, ನಾಯಿಯ ಹೆಸರು ಕೊಡಬೇಡ, ಅದೆಲ್ಲ ನಿನ್ನ ಇನ್‌ಸ್ಟಾಗ್ರಾಮ್‌ನಲ್ಲೇ ಇದೆ. ನೀನು ಎರಡನೇ ಕ್ಲಾಸಿನಲ್ಲಿದ್ದಾಗ, ಮಳೆಗಾಲ, ಕರೆಂಟಿಲ್ಲದ ರಾತ್ರಿ, ನಾವಿಬ್ಬರೇ ಟಾರ್ಚು ಹಿಡಿದು ಬಾವಿಕಟ್ಟೆ ಸುತ್ತ ಒಂದು ಸಾಮಾನು ಹುಡುಕಿದೆವಲ್ಲ? ಅದು ಏನು ಅಂತ ಕೇಳಲಿ. ಸಿಕ್ಕಿದ್ದು ಎಲ್ಲಿ ಅಂತಲೂ ಕೇಳಲಿ. ಉತ್ತರ ಇಲ್ಲಿ ಬರೆಯುವುದಿಲ್ಲ. ನಿನಗೆ ಗೊತ್ತು, ನನಗೆ ಗೊತ್ತು.

ಶುಕ್ರವಾರ ರಾತ್ರಿ ಬಸ್ಸಿಗೆ ಹೊರಟು ಬಾ. ಅಲ್ಲಿಗೆ ಒಯ್ಯುವ ಶೂ ಮರೆಯದೆ ತಾ. ಅದನ್ನು ಹಾಕಿಸಿಕೊಂಡೇ ಅಮ್ಮ ಅಬಾಯಾದ ಅಂಚು ಇನ್ನೊಮ್ಮೆ ನೋಡಬೇಕಂತೆ.

ನಿನ್ನ,
ಅಪ್ಪ