ಆಲ್ಬಂ ಬಿಡಿಸಿ ಹಾಳೆ ಮಾರಬೇಡಿ

ಮಾನ್ಯ ಸಂಪಾದಕರೇ,

ನಾನು ಮರದ ಕೆತ್ತನೆ ಕೆಲಸದವನು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ, ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ ಹಳೇ ಫ್ರೆಂಚ್ ಅಲಂಕಾರದ ಎಚ್ಚಿಂಗ್‌ಗಳನ್ನು, ಅಂದರೆ ತಾಮ್ರದ ತಗಡಿನಿಂದ ಕಾಗದಕ್ಕೆ ಅಚ್ಚು ಹಾಕಿದ ಚಿತ್ರಗಳನ್ನು, ಅಂತರ್ಜಾಲದಲ್ಲಿ ಪುಕ್ಕಟೆ ಇಟ್ಟಿವೆ. ರಾತ್ರಿ ಕೆಲಸ ಮುಗಿಸಿ ಮೊಬೈಲಲ್ಲಿ ದೊಡ್ಡದು ಮಾಡಿ ನೋಡುತ್ತೇನೆ.

ನನಗೆ ಜಾಸ್ತಿ ಇಷ್ಟ ಜಾನ್ ಲೆಪೋತ್ರ್. 1618ರಲ್ಲಿ ಹುಟ್ಟಿದವನು, ಪ್ಯಾರಿಸ್ಸಿನಲ್ಲಿ ಒಬ್ಬ ಬಡಗಿಯ ಹತ್ತಿರ ಕೆಲಸ ಕಲಿತವನು. ತಾಮ್ರದ ತಗಡಿಗೆ ಮೇಣ ಬಳಿದು, ಸೂಜಿಯಿಂದ ಗೀಚಿ, ಆ ಗೀಚಿದ ಜಾಗವನ್ನು ಆಸಿಡ್ ತಿನ್ನುವಂತೆ ಮಾಡಿ, ಇಂಥ 2000ಕ್ಕೂ ಹೆಚ್ಚು ಚಿತ್ರ ಮಾಡಿದ್ದಾನೆ. ಬಾಗಿಲ ಚೌಕಟ್ಟು, ಹೂದಾನಿ, ಮಾಡಿನ ಪಟ್ಟಿ, ಬೆಂಕಿಗೂಡು, ಎಲ್ಲಾ ಇದೆ. ಎಲೆ ಸುರುಳಿ ಸುತ್ತುವ ಜಾಗದಲ್ಲಿ ಗೆರೆ ಒತ್ತೊತ್ತಾಗಿ ಬಿದ್ದು ಕಪ್ಪಾಗುತ್ತದೆ, ನೋಡಿದ ಕೂಡಲೇ ಉಳಿ ಎಷ್ಟು ಆಳಕ್ಕೆ ಹೋಗಬೇಕು ಅಂತ ಕೈಗೆ ಗೊತ್ತಾಗುತ್ತದೆ.

ಆ ಕಾಲದ ಎಷ್ಟೋ ಹಾಳೆಗಳಲ್ಲಿ ಎಡಗಡೆ ಅರ್ಧ ಒಂದು ಥರ, ಬಲಗಡೆ ಅರ್ಧ ಇನ್ನೊಂದು ಥರ. ತಪ್ಪಲ್ಲ ಅದು. ಕೆಲಸಗಾರ ತನಗೆ ಬೇಕಾದ ಅರ್ಧ ಆರಿಸಿಕೊಳ್ಳಲಿ ಅಂತ ಹಾಗೆ ಮಾಡಿದ್ದು.

ಇವು ಹೆಚ್ಚಾಗಿ ಆರು ಹಾಳೆಯ ಸರಣಿಗಳಾಗಿ ಬಂದವು. ಸಂಗ್ರಹಕಾರರು ಕೂಡಿಸಿ ಹೊಲಿಸಿ ಆಲ್ಬಂ ಮಾಡಿಕೊಂಡರು. ಲೆಪೋತ್ರ್ ತೀರಿಕೊಂಡು 69 ವರ್ಷದ ಮೇಲೆ, 1751ರಲ್ಲಿ, ಪ್ಯಾರಿಸ್ಸಿನ ಪ್ರಕಾಶಕ ಜೋಂಬೆರ್ ಅವನ ಚಿತ್ರಗಳನ್ನು ಮೂರು ಸಂಪುಟ ಮಾಡಿ ಮತ್ತೆ ಮಾರಿದ. 1879ರಲ್ಲಿ ಬರ್ಲಿನ್ ಮ್ಯೂಸಿಯಂ, ಪ್ಯಾರಿಸ್ಸಿನ ವಾಸ್ತುಶಿಲ್ಪಿ ದೆತಾಯರ್ ಕೂಡಿಟ್ಟ ಅಲಂಕಾರ ಚಿತ್ರಗಳ ಸಂಗ್ರಹವನ್ನು ಕೊಂಡುಕೊಂಡಿತು. ಅವು ಕೈಕೆಲಸ ಕಲಿಯುವವರು ನೋಡುತ್ತಿದ್ದ ಚಿತ್ರಗಳು. ಸುಮ್ನೆ ಗೋಡೆಗೆ ನೇತುಹಾಕಲು ಬಂದವಲ್ಲ.

ನನ್ನ ಸಂಕಟ ಇಷ್ಟೇ. ಹಳೇ ಆಲ್ಬಂ ಸಿಕ್ಕಿದರೆ ಕೆಲವು ವ್ಯಾಪಾರಿಗಳು ಹೊಲಿಗೆ ಬಿಚ್ಚಿ, ಹಾಳೆ ಹಾಳೆ ಮಾಡಿ, ಫ್ರೇಮ್ ಹಾಕಿ ಮಾರುತ್ತಾರೆ. ಒಂದೊಂದಕ್ಕೆ ಒಳ್ಳೆ ಬೆಲೆ ಬರುತ್ತದೆ, ನಿಜ. ಆದರೆ ಯಾವ ಹಾಳೆಯ ಪಕ್ಕ ಯಾವುದಿತ್ತು, ಅಂಚಿನಲ್ಲಿ ಯಾರು ಪೆನ್ಸಿಲಲ್ಲಿ ಅಳತೆ ಬರೆದಿದ್ದರು, ಯಾವ ಪುಟ ಬೆರಳು ತಾಗಿ ತಾಗಿ ಕೊಳೆಯಾಗಿತ್ತು, ಅದೆಲ್ಲ ಚದುರಿ ಹೋಗುತ್ತದೆ. ಯಾವ ಪುಟವನ್ನು ಜನ ಜಾಸ್ತಿ ಬಳಸಿದರು ಅಂತ ಹೇಳುವುದು ಆ ಕೊಳೆಯೇ ಅಲ್ವಾ?

ಕಲಾಪುಟದಲ್ಲಿ ಇದರ ಬಗ್ಗೆ ದಯವಿಟ್ಟು ಬರೆಯಿರಿ. ಮನೆಯಲ್ಲಿ ಇಂಥ ಹಳೇ ಚಿತ್ರದ ಪುಸ್ತಕ ಇದ್ದವರು, ಹೊಲಿಗೆ ಸಡಿಲಾಗಿದ್ದರೂ ಬಿಡಿಸಬೇಡಿ. ಗಮ್ ಟೇಪ್ ಅಂತೂ ಹಚ್ಚಲೇಬೇಡಿ. ಹತ್ತಿ ಬಟ್ಟೆಯ ಪಟ್ಟಿ ಸುತ್ತಿ, ಮಲಗಿಸಿ ಇಡಿ.

— ಒಬ್ಬ ಓದುಗ