ಗುಟ್ಟಿನ ಯೂನಿಟ್‌ಗಳ ಲೆಕ್ಕ ನೋಡುವವರು ಯಾರು?

ಮಾನ್ಯ ಸಂಪಾದಕರೇ,

ನಾನು 17 ವರ್ಷ ಸೈನ್ಯದಲ್ಲಿ ಕ್ಲರ್ಕ್ ಆಗಿದ್ದವನು. ಈಗ ಹೊಸನಗರ ತಾಲ್ಲೂಕಿನಲ್ಲಿ ಒಂದೂವರೆ ಎಕರೆ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಅಣ್ಣನ ಮೊಮ್ಮಗಳು ಶಿವಮೊಗ್ಗದಲ್ಲಿ ಬಿ.ಎ. ಓದುತ್ತಾಳೆ. ಹೋದ ಭಾನುವಾರ ನಾವು ಅಡಿಕೆ ಸುಲಿಯುವಲ್ಲಿಗೆ ಬಂದು ಕೂತಳು. ಕಾಲೇಜಿನ ಚರ್ಚಾ ಸ್ಪರ್ಧೆಗೆ ತಯಾರಿ. "ಅಜ್ಜ, ಸೈನ್ಯದಲ್ಲಿ ಗುಟ್ಟಾಗಿ ಕೆಲಸ ಮಾಡೋ ಯೂನಿಟ್ ಇರ್ತಾವಲ್ಲ, ಅವರ ಲೆಕ್ಕ ಯಾರು ನೋಡ್ತಾರೆ?" ಎಂದು ಕೇಳಿದಳು.

ಸಾಹೇಬರು ನೋಡ್ತಾರೆ ಅಂದೆ. "ಸಾಹೇಬರದ್ದು?" ಅಂದಳು. ಉತ್ತರ ಹೊಳೆಯಲಿಲ್ಲ.

ಗುಟ್ಟು ಕಾಯುವುದು ಏನು ಅಂತ ನನಗೆ ಗೊತ್ತು. ಗೋಪ್ಯ ಕಾಗದವನ್ನು ಎರಡು ಲಕೋಟೆಯೊಳಗೆ ಹಾಕುತ್ತಿದ್ದೆವು. ಒಳಗಿನದಕ್ಕೆ ಗೋಪ್ಯ ಅನ್ನುವ ಮುದ್ರೆ, ಹೊರಗಿನದಕ್ಕೆ ಬರೀ ವಿಳಾಸ. ಅರಗನ್ನು ಮೇಣದಬತ್ತಿಗೆ ಹಿಡಿದು, ಅದು ತೊಟ್ಟಿಕ್ಕಿದ ಕೂಡಲೇ ಹಿತ್ತಾಳೆ ಮೊಹರು ಒತ್ತಬೇಕು. ತಡವಾದರೆ ಅಚ್ಚು ಮೂಡುವುದಿಲ್ಲ. ಆ ಅರಗು ಬಿದ್ದು ಸುಟ್ಟ ಕಲೆ ಎಡಗೈ ಹೆಬ್ಬೆರಳ ಮೇಲೆ ಈಗಲೂ ಇದೆ. ಹಳೇ ಕಾಗದ ಸುಡುವಾಗ ಇನ್ನೊಬ್ಬರು ನಿಂತು ನೋಡಬೇಕಿತ್ತು, ಇಬ್ಬರೂ ರಿಜಿಸ್ಟರಿಗೆ ಸಹಿ ಹಾಕಬೇಕಿತ್ತು. ಒಂದು ಹಾಳೆ ಸುಡಲು ಸಾಕ್ಷಿ ಬೇಕಾದರೆ, ಇಡೀ ಯೂನಿಟ್ ನಡೆಸಲು ಬೇಡವಾ?

ಮುಂಬೈ ದಾಳಿಯ ನಂತರ, ಜನರಲ್ ವಿ.ಕೆ. ಸಿಂಗ್ ಸೇನಾ ಮುಖ್ಯಸ್ಥರಾಗಿದ್ದ ಕಾಲದಲ್ಲಿ, ಟೆಕ್ನಿಕಲ್ ಸಪೋರ್ಟ್ ಡಿವಿಷನ್ ಅನ್ನುವ ಗುಪ್ತ ಘಟಕ ಕೆಲಸ ಮಾಡುತ್ತಿತ್ತು. ಅವರು ನಿವೃತ್ತರಾದ ಮೇಲೆ ಅದನ್ನು ಮುಚ್ಚಿದರು. ಗುಪ್ತ ನಿಧಿ ದುರುಪಯೋಗ ಆಗಿದೆ ಎಂಬ ಆರೋಪ 2013ರಲ್ಲಿ ಪತ್ರಿಕೆಗಳಿಗೆ ಬಂತು. ಸಿಂಗ್ ಅವರು ಅಲ್ಲಗಳೆದರು. ಸೈನ್ಯವೇ ವಿಚಾರಣೆ ಮಾಡಿ ಸರ್ಕಾರಕ್ಕೆ ವರದಿ ಕೊಟ್ಟಿತ್ತು. ಆ ವರದಿಯನ್ನು ಸರ್ಕಾರ ಜನರ ಮುಂದೆ ಇಡಲಿಲ್ಲ.

ನನ್ನ ಸಂಕಟ ಇಲ್ಲೇ ಇರುವುದು. ಆ ಯೂನಿಟ್‌ನಲ್ಲಿ ತಪ್ಪು ನಡೆದಿದ್ದರೆ ಯಾರಿಗೂ ಶಿಕ್ಷೆ ಆಗಿದ್ದು ನಮಗೆ ಕಾಣಲಿಲ್ಲ. ನಡೆದಿಲ್ಲ ಅಂದರೆ, ಜೀವ ಒತ್ತೆ ಇಟ್ಟು ದುಡಿದ ಹುಡುಗರು ಸುಮ್ನೆ ಕಳಂಕ ಹೊತ್ತುಕೊಂಡು ಮನೆಗೆ ಹೋದರು. ಬಾಯಿ ಬಿಟ್ಟು ಹೇಳಿಕೊಳ್ಳಲು ಅವರಿಗೆ 1923ರ ಅಧಿಕೃತ ರಹಸ್ಯ ಕಾಯ್ದೆ ಅಡ್ಡ. ನನ್ನಂತಹ ಮಾಜಿ ಸೈನಿಕನಿಗೆ ಈ ಎರಡನೆಯದು ಜಾಸ್ತಿ ನೋವು ಕೊಡುತ್ತದೆ.

ಸಂಸತ್ತಿನಲ್ಲಿ ರಕ್ಷಣಾ ಸ್ಥಾಯಿ ಸಮಿತಿ ಇದೆ, 31 ಸದಸ್ಯರು. ಆದರೆ ದಿನನಿತ್ಯದ ಆಡಳಿತದ ವಿಷಯಕ್ಕೆ ಅದು ಕೈಹಾಕುವಂತಿಲ್ಲ. ಬ್ರಿಟನ್ನಿನಲ್ಲಿ 1994ರ ಕಾನೂನಿನಿಂದಲೇ ಗುಪ್ತಚರ ಸಂಸ್ಥೆಗಳ ಮೇಲೆ ಕಣ್ಣಿಡಲು ಸಂಸದರ ಸಮಿತಿ ಇದೆ. ಮುಚ್ಚಿದ ಕೋಣೆಯಲ್ಲಿ ಕೂತು ನೋಡುತ್ತಾರೆ. ಗುಟ್ಟು ಬೀದಿಗೆ ಬರುವ ಮಾತಲ್ಲ ಇದು. ನಮ್ಮಲ್ಲೂ 2011ರಲ್ಲಿ ಕಾಂಗ್ರೆಸ್ ಸಂಸದ ಮನೀಶ್ ತಿವಾರಿ ಗುಪ್ತಚರ ಸಂಸ್ಥೆಗಳ ಮೇಲೆ ಕಣ್ಣಿಡುವ ಬಗ್ಗೆ ಲೋಕಸಭೆಗೆ ಖಾಸಗಿ ಸದಸ್ಯರ ಮಸೂದೆ ತಂದಿದ್ದರು. ಕಾಯ್ದೆ ಆಗಲಿಲ್ಲ.

ಹಳೆಯದನ್ನಾದರೂ ತೆರೆಯುತ್ತಾರಾ? 1962ರ ಚೀನಾ ಯುದ್ಧದ ಬಗ್ಗೆ ಸೇನಾಧಿಕಾರಿಗಳಾದ ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ 1963ರಲ್ಲಿ ಕೊಟ್ಟ ವರದಿಯನ್ನು ಸರ್ಕಾರ ಇನ್ನೂ ಬಿಡುಗಡೆ ಮಾಡಿಲ್ಲ. ಕಾರ್ಗಿಲ್ ಪರಿಶೀಲನಾ ಸಮಿತಿಯ ವರದಿಯನ್ನು ಮಾತ್ರ ಸೂಕ್ಷ್ಮ ಭಾಗ ತೆಗೆದು 2000ದಲ್ಲೇ ಸಂಸತ್ತಿನ ಮುಂದೆ ಇಟ್ಟರು. ದೇಶಕ್ಕೆ ಏನೂ ಕೇಡಾಗಲಿಲ್ಲವಲ್ಲ.

ನಮ್ಮೂರ ಸೊಸೈಟಿಯಲ್ಲಿ ಗೊಬ್ಬರದ ಚೀಲದ ಲೆಕ್ಕ ತಪ್ಪಿದರೂ ಮಹಾಸಭೆಯಲ್ಲಿ ಎದ್ದು ಕೇಳುತ್ತೇವೆ. ಕಾರ್ಯದರ್ಶಿ ಮೇಲೆ ನಂಬಿಕೆ ಇಲ್ಲ ಅಂತಲ್ಲ, ದುಡ್ಡು ಎಲ್ಲರದ್ದು ಅಂತ.

ನಮ್ಮ ಭಾಗದ ಸಂಸದರಲ್ಲಿ ನನ್ನ ಮನವಿ ಇಷ್ಟೇ. ಆಡಳಿತ ಪಕ್ಷ, ವಿರೋಧ ಪಕ್ಷ ಎರಡೂ ಕಡೆಯ ಏಳೆಂಟು ಸಂಸದರ ಸಣ್ಣ ಸಮಿತಿಗೆ ಕಾನೂನು ಮಾಡಿಸಿ. ಗೋಪ್ಯತೆಯ ಪ್ರಮಾಣ ಮಾಡಿಸಿ. ಗುಪ್ತ ಯೂನಿಟ್‌ಗಳಿಗೆ ಕೊಟ್ಟ ಲಿಖಿತ ಆದೇಶ, ಖರ್ಚಿನ ಪುಸ್ತಕ, ಎರಡನ್ನೂ ವರ್ಷಕ್ಕೊಮ್ಮೆ ಅವರು ನೋಡಿ ಸಹಿ ಹಾಕಲಿ. ಮುಂದಿನ ಅಧಿವೇಶನದಲ್ಲೇ ಈ ಪ್ರಶ್ನೆ ಎತ್ತಿ.

ಇಂತಿ,
ಒಬ್ಬ ಮಾಜಿ ಸೈನಿಕ
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ