ಹಳೇ ಮ್ಯಾನೇಜರ್‌ಗೆ ಕೂಗಿದ್ದು ನಾವು, ನೋವಾದದ್ದು ಯಾರಿಗೆ?

ಮಾನ್ಯ ಸಂಪಾದಕರೇ,

ಸೋಮವಾರದ ನಿಮ್ಮ ಪತ್ರಿಕೆಯಲ್ಲಿ ‘ಮಾಜಿ ಮ್ಯಾನೇಜರ್‌ಗೆ ಅಭಿಮಾನಿಗಳಿಂದ ಅವಮಾನ’ ಎಂಬ ವರದಿ ಓದಿದೆ. ಭಾನುವಾರದ ಫುಟ್ಬಾಲ್ ಸೆಮಿಫೈನಲ್‌ನಲ್ಲಿ, ನಮ್ಮ ತಂಡದ ಹಳೇ ಮ್ಯಾನೇಜರ್‌ಗೆ ಕೂಗಿದ ಆ ಗ್ಯಾಲರಿಯಲ್ಲೇ ನಾನೂ ಇದ್ದವನು. ‘ಕೆಲವು ಕಿಡಿಗೇಡಿಗಳು’ ಎಂದು ಬರೆದಿದ್ದೀರಲ್ಲ, ಆ ಪಟ್ಟಿಗೆ ನನ್ನನ್ನೂ ಸೇರಿಸಿಕೊಳ್ಳಿ, ಬೇಸರವಿಲ್ಲ. ಆದರೆ ವರದಿ ಬರೆದವರು ಎಲ್ಲಿ ಕೂತಿದ್ದರು ಎಂಬುದು ಮಾತ್ರ ನನಗೆ ತಿಳಿಯಬೇಕು. ವೇದಿಕೆಯ ಹಿಂದೆ ಗೋಡಂಬಿ ತಟ್ಟೆಯ ಹತ್ತಿರ ಇದ್ದಿರಬೇಕು. ‘ಅವರು ತಲೆ ತಗ್ಗಿಸಿ ಮೈದಾನದಿಂದ ಹೊರನಡೆದರು’ ಅಂತೆ! ಮ್ಯಾನೇಜರ್ ನಡೆದದ್ದು ಗೇಟಿನಾಚೆಯ ಆಮ್ಲೆಟ್ ಗಾಡಿಗೆ. ಅಲ್ಲಿ ನಮ್ಮ ಹುಡುಗರ ಜತೆಗೇ ನಿಂತು ತಿಂದರು, ಬೈಸಿಕೊಂಡರು, ವಾಪಸ್ ಬೈದರು, ಎಲ್ಲರ ದುಡ್ಡನ್ನೂ ಅವರೇ ಕೊಟ್ಟರು. ಅದು ವರದಿಯಲ್ಲಿ ಒಂದು ಸಾಲೂ ಇಲ್ಲ.

ಅವರು ತಂಡ ಬಿಟ್ಟ ಕಥೆ ಈ ಭಾಗದಲ್ಲಿ ಮಕ್ಕಳಿಗೂ ಗೊತ್ತು. ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ ಮಾಡಿಕೊಂಡು, ಸಂಜೆ ಹೊತ್ತು ಕಾರ್ಮಿಕರ ಲೈನ್ ಮನೆಯ ಹುಡುಗರನ್ನು ಒಟ್ಟು ಹಾಕಿ ತಂಡ ಕಟ್ಟಿದವರು ಅವರು. ಬೂಟಿಲ್ಲದವನಿಗೆ ತಮ್ಮ ಸಂಬಳದಲ್ಲಿ ಬೂಟು ತೆಗೆಸಿಕೊಟ್ಟರು. ಜೀಪ್ ಬಾಡಿಗೆ, ಐಸು, ನಿಂಬೆಹಣ್ಣು, ಏಟು ಬಿದ್ದವನನ್ನು ಆಸ್ಪತ್ರೆಗೆ ಸೇರಿಸುವುದು, ಆ ರಾತ್ರಿಯೇ ಅವನ ಅಮ್ಮನ ಹತ್ತಿರ ಬೈಸಿಕೊಳ್ಳುವುದು, ಎಲ್ಲಾ ಅವರದೇ. ಹಾಗೆಯೇ, ಟೂರ್ನಿ ಅರ್ಧದಲ್ಲಿರುವಾಗ ನಮ್ಮ ಗೋಲ್‌ಕೀಪರನ್ನೂ ಎಡಬದಿಯಲ್ಲಿ ಮುನ್ನುಗ್ಗುವ ಲೆಫ್ಟ್ ವಿಂಗರನ್ನೂ ಕರೆದುಕೊಂಡು ಎದುರಾಳಿ ತಂಡದ ಜೀಪು ಹತ್ತಿದವರೂ ಅವರೇ. ಒಂದು ಮಾತು ಹೇಳಲಿಲ್ಲ. ಅವರು ಆಚೆ ಬದಿಯಲ್ಲಿ ನೀರಿನ ಬಾಟಲಿ ಹಿಡಿದು ನಿಂತದ್ದನ್ನು ನೋಡಿಯೇ ನಮಗೆ ಗೊತ್ತಾದದ್ದು.

ಇಂಥ ಮನುಷ್ಯನ ಬಗ್ಗೆ ನಮಗೆ ಒಂದೇ ಭಾವನೆ ಇರಬೇಕು ಎಂದು ಯಾವ ಸುತ್ತೋಲೆ ಬಂದಿದೆ? ಪಾಲು ಕೇಳಿ ಮನೆ ಬಿಟ್ಟ ಅಣ್ಣ ಹುತ್ತರಿ ಸುಗ್ಗಿ ಹಬ್ಬಕ್ಕೆ ಬಂದರೆ ಬಾಗಿಲಲ್ಲೇ ನಾಲ್ಕು ಮಾತು ಬೈದು, ಆಮೇಲೆ ಎಲೆ ಹಾಕಿ ಬಡಿಸುವುದಿಲ್ಲವೇ? ನಾವು ಬೈದು ಮುಗಿಸಿ ಎಲೆ ಹಾಕುವಷ್ಟರಲ್ಲಿ ನಿಮ್ಮ ಅಧಿಕಾರಿಗಳು ಮಧ್ಯೆ ಬಂದು ಊಟವನ್ನೇ ರದ್ದು ಮಾಡಿದರು.

ದೊಡ್ಡ ಊರಲ್ಲೂ ಇದೇ ಕಥೆ, ಬೇಕಾದರೆ ವಿಚಾರಿಸಿ. ಬೆಂಗಳೂರು ಎಫ್‌ಸಿ ಶುರುವಾದ ಮೊದಲ ಸೀಸನ್‌ನಲ್ಲೇ, 2013-14ರಲ್ಲಿ, ದೇಶದ ಐ-ಲೀಗ್ ಫುಟ್ಬಾಲ್ ಟೂರ್ನಿ ಗೆಲ್ಲಿಸಿಕೊಟ್ಟವರು ಕೋಚ್ ಆಶ್ಲೆ ವೆಸ್ಟ್‌ವುಡ್. 2015-16ರಲ್ಲಿ ಇನ್ನೊಮ್ಮೆ ಗೆಲ್ಲಿಸಿ ಹೋದರು. ಕಂಠೀರವದ ಪಶ್ಚಿಮ ಗ್ಯಾಲರಿಯಲ್ಲಿ ಗಂಟಲು ಹರಿದುಕೊಂಡವರನ್ನು ಕೇಳಿದರೆ ಇವತ್ತಿಗೂ ಅವರ ಹೆಸರು ಹೇಳುತ್ತಾರೆ. ಅದೇ ವೆಸ್ಟ್‌ವುಡ್ 2025ರ ಜೂನ್ 10ರಂದು ಹಾಂಕಾಂಗ್ ತಂಡದ ಕೋಚ್ ಆಗಿ, ಏಷ್ಯನ್ ಕಪ್ ಅರ್ಹತಾ ಪಂದ್ಯದಲ್ಲಿ, ಇಂಜುರಿ ಟೈಮಿನ ಪೆನಾಲ್ಟಿಯಲ್ಲಿ ನಮ್ಮ ದೇಶವನ್ನು 1-0ರಿಂದ ಸೋಲಿಸಿದರು. ಅವರ ಕೈಕೆಳಗೆ ಬೆಂಗಳೂರಿನ ಕ್ಯಾಪ್ಟನ್ ಆಗಿದ್ದ ಸುನಿಲ್ ಛೆಟ್ರಿಯೇ ಈ ಕಡೆಯ ಜೆರ್ಸಿಯಲ್ಲಿದ್ದರು. ಆ ಸಂಜೆ ಟಿವಿ ಮುಂದೆ ನಾನು ವೆಸ್ಟ್‌ವುಡ್‌ಗೆ ಬೈದ ಬೈಗುಳ ಪತ್ರಿಕೆಯಲ್ಲಿ ಅಚ್ಚು ಹಾಕುವಂಥದ್ದಲ್ಲ. ಮರುದಿನ ಯಾರೋ ‘ಆ ಕೋಚ್ ಯಾರಪ್ಪ’ ಎಂದಾಗ ‘ನಮ್ಮವನೇ’ ಎಂದು ಎದೆಯುಬ್ಬಿಸಿ ಹೇಳಿದವನೂ ನಾನೇ. ನನ್ನ ಮೇಲೂ ಕೇಸು ಹಾಕಲಿ.

ಭಾನುವಾರ ಆದದ್ದು ಇಷ್ಟು. ಮೂರೂವರೆಗೆ ಶುರುವಾಗಬೇಕಿದ್ದ ಸೆಮಿಫೈನಲ್ ಐದಾದರೂ ಶುರುವಾಗಲಿಲ್ಲ, ಉದ್ಘಾಟಿಸಬೇಕಾದ ಅಧಿಕಾರಿ ಬಂದಿರಲಿಲ್ಲ. (ಸೆಮಿಫೈನಲ್‌ಗೂ ಉದ್ಘಾಟನೆ ಬೇಕು ನಮ್ಮಲ್ಲಿ.) ಎರಡೂ ಕಡೆಯ ಹುಡುಗರು ಓಡಿ ಮೈ ಬಿಸಿ ಮಾಡಿಕೊಂಡು, ಕೂತು ತಣ್ಣಗಾಗಿ, ಮತ್ತೆ ಓಡಿದರು. ಕೊನೆಗೆ ಬಂದ ಮಹನೀಯರು ಮೈಕ್ ಹಿಡಿದು, ನೀವೆಲ್ಲ ಫುಟ್ಬಾಲ್‌ನಲ್ಲಿ ಧ್ಯಾನ್‌ಚಂದ್ ಅವರಂತೆ ಬೆಳೆಯಬೇಕು ಎಂದು ಹರಸಿದರು. ಚಪ್ಪಾಳೆ ಬಿತ್ತು, ಯಾವ ಕಾರಣಕ್ಕೆ ಎಂಬುದು ಅವರಿಗೆ ತಿಳಿಯಲಿಲ್ಲ. ಆಮೇಲೆ ಹಳೇ ಮ್ಯಾನೇಜರ್‌ಗೆ ಶಾಲು ಹೊದಿಸಿ, ಅವರು ಕಟ್ಟಿದ್ದು ಎದುರಾಳಿ ತಂಡವನ್ನು ಎಂದೇ ಓದಿಬಿಟ್ಟರು. ಗ್ಯಾಲರಿ ಎದ್ದದ್ದು ಆಗ. ಹುಡುಗರು ಬಟ್ಟೆಯ ಮೇಲೆ ‘ಮರೆತಿಲ್ಲ ಅಣ್ಣಾ, ಎರಡನ್ನೂ’ ಎಂದು ಬರೆದು ತಂದಿದ್ದರು, ಅದನ್ನು ಬಿಡಿಸಿದರು. ಅಣ್ಣ ಓದಿ ನಕ್ಕು ಕೈ ಎತ್ತಿದ್ದನ್ನು ನಾನೇ ನೋಡಿದೆ. ಅಧಿಕಾರಿಗೆ ಮಾತ್ರ ಅದು ತಮ್ಮ ಬಗ್ಗೆಯೇ ಬರೆದದ್ದು ಅನ್ನಿಸಿತೋ ಏನೋ, ಬಟ್ಟೆ ಕಿತ್ತುಕೊಳ್ಳಲು, ಆ ಕಡೆಯ ಗ್ಯಾಲರಿ ಪೂರ್ತಿ ಖಾಲಿ ಮಾಡಿಸಲು ಅಪ್ಪಣೆಯಾಯಿತು.

ದುಡ್ಡು ಕೊಟ್ಟು ಟಿಕೆಟ್ ತೆಗೆದವರನ್ನು ಅಡಿಕೆ ಮರದ ಗ್ಯಾಲರಿಯಿಂದ ಕುರಿಗಳ ಹಾಗೆ ಇಳಿಸಿದರು. ಇಳಿಯುವ ನೂಕಾಟದಲ್ಲಿ ನನ್ನ ಒಂದು ಚಪ್ಪಲಿ ಕೆಸರಿನಲ್ಲಿ ಉಳಿಯಿತು, ಕೊಡೆ ಮೇಲೆಯೇ ಉಳಿಯಿತು. ಹೊರಗೆ ಬಂದ ಕೂಡಲೇ ಮೇ ತಿಂಗಳ ಗುಡುಗು ಮಳೆ. ತಂಗಿಯ ಮಗನನ್ನು ಮೊದಲ ಸಲ ಮ್ಯಾಚ್ ತೋರಿಸಲು ಕರೆತಂದಿದ್ದೆ. ಅವನು ನೋಡಿದ್ದು ತಗಡಿನ ಬೇಲಿ, ಕೇಳಿದ್ದು ಮೈಕಿನಲ್ಲಿ ಸೀರೆ ಅಂಗಡಿಯ ಜಾಹೀರಾತು. ಟೈಬ್ರೇಕರ್ ಆಗುತ್ತಿದೆ ಎಂದು ತಿಳಿದದ್ದೇ ಒಳಗಿನ ಕೂಗಾಟದಿಂದ, ಅದೂ ಯಾರ ಗೋಲು ಎಂದು ಊಹಿಸಿಕೊಳ್ಳಬೇಕು. ನಾವು ಗೆದ್ದೆವಂತೆ. ಬಸ್ಸು ಹೋಗಿತ್ತು. ಜೀಪಿನವನು ಸಮಯ ನೋಡಿ ಬಾಡಿಗೆ ಹೇಳಿದ. ತೋಟದ ತಿರುವಿನಲ್ಲಿ ಹಲಸಿನ ಮರದಡಿ ಆನೆ ನಿಂತಿದೆ ಎಂದು ಹಿಂದಕ್ಕೆ ಬಂದು, ಒಂದೇ ಚಪ್ಪಲಿಯಲ್ಲಿ ಅಂಗಡಿ ಜಗಲಿಯ ಮೇಲೆ ಕೂತೆವು. ಆನೆ ಇದೆ, ಎಚ್ಚರ ಎಂಬ ವಾಟ್ಸ್‌ಆ್ಯಪ್ ಸಂದೇಶ ಬಂದದ್ದು ಆನೆಯನ್ನು ಕಣ್ಣಾರೆ ಕಂಡ ಮೇಲೆ. ಮನೆ ಸೇರಿದಾಗ ಕರೆಂಟೂ ಇಲ್ಲ. ಮೂರೂವರೆಗೆ ಆಟ ಶುರುವಾಗಿದ್ದರೆ ಇದರಲ್ಲಿ ಯಾವುದೂ ಇರಲಿಲ್ಲ, ಅದನ್ನು ಯಾರೂ ಬರೆಯಲಿಲ್ಲ.

ಆ ಮೈದಾನದ ವಿಷಯಕ್ಕೆ ಬಂದರೆ, ಹಿಂದೆ ಯಾವುದೋ ಕಾರ್ಯಕ್ರಮಕ್ಕೆ ಪೆಂಡಾಲ್ ಹಾಕಲು ತೋಡಿದ ಗುಂಡಿಗಳು ಇನ್ನೂ ಪೆನಾಲ್ಟಿ ಬಾಕ್ಸಿನ ಪಕ್ಕದಲ್ಲೇ ಇವೆ. ಮುಚ್ಚಿಸಿ ಎಂದು ಅರ್ಜಿ ಕೊಟ್ಟರೆ, ಮೈದಾನ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಒಂದು ಕಚೇರಿ, ನಮಗೂ ಬರುವುದಿಲ್ಲ ಎಂದು ಇನ್ನೊಂದು ಕಚೇರಿ. ಹಾಗಾದರೆ ಬಾಡಿಗೆ ವಸೂಲಿ ಮಾಡುವವರು ಯಾರು? ದೀಪದ ಕಂಬ ಹಾಕಿಸುತ್ತೇವೆ ಎಂಬುದನ್ನು ಪ್ರತಿ ಚುನಾವಣೆಯಲ್ಲೂ ಕೇಳುತ್ತಿದ್ದೇವೆ, ಕತ್ತಲಲ್ಲೇ ನಿಂತು. ಕೊಡಗು ಹಾಕಿಯ ತವರು, ಒಪ್ಪಿದೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬ 2024ರ ಕುಂಡ್ಯೋಳಂಡ ಕಪ್ ಹೊತ್ತಿಗೆ 360 ತಂಡಗಳವರೆಗೆ ಬೆಳೆದು ಗಿನ್ನೆಸ್ ದಾಖಲೆಯಾಯಿತು. ನಾಪೋಕ್ಲುವಿನ ಆ ಗ್ಯಾಲರಿಯಲ್ಲಿ ನಾನೂ ಕೂಗಿದವನೇ. ಅಲ್ಲಿ ಕೂಗಿದರೆ ಕ್ರೀಡಾಭಿಮಾನ, ಇಲ್ಲಿ ಕೂಗಿದರೆ ಕಿಡಿಗೇಡಿತನವೇ? ತೋಟದ ಲೈನಿನ ಹುಡುಗ ಕಾಲಲ್ಲಿ ಒದೆಯುವ ಆಟವೆಂದೇ ಈ ಅಸಡ್ಡೆ ಎಂದು ನನಗೆ ಅನುಮಾನ.

ಇದೇ ವರ್ಗದ ಅಧಿಕಾರಿಗಳೇ ನನ್ನ ಪೌತಿ ಖಾತೆಯ (ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ) ಅರ್ಜಿಯನ್ನು ಇಟ್ಟುಕೊಂಡು ಕೂತಿರುವುದು. ಹೋದಾಗಲೆಲ್ಲ ಸರ್ವರ್ ಇಲ್ಲ. ಸರ್ವರ್ ಇದ್ದ ದಿನ ಸಾಹೇಬರು ಇಲ್ಲ, ಯಾವುದೋ ಉದ್ಘಾಟನೆಗೆ ಹೋಗಿರುತ್ತಾರೆ. ಈಗ ಗೊತ್ತಾಯಿತು, ಅಲ್ಲಿಗೂ ತಡವಾಗಿಯೇ ಹೋಗಿರುತ್ತಾರೆ.

ಆದ್ದರಿಂದ ಸಂಬಂಧಪಟ್ಟವರು ಕೂಡಲೇ ಕ್ರಮ ಕೈಗೊಳ್ಳಬೇಕು. ನೀವು ವರದಿಯನ್ನು ತಿದ್ದಿ ಹಾಕಬೇಕು, ಸಮಿತಿಯವರು ಟಿಕೆಟ್ ಹಣ ವಾಪಸ್ ಕೊಡಬೇಕು, ಇಲ್ಲವೇ ಫೈನಲ್‌ಗೆ ಪುಕ್ಕಟೆ ಬಿಡಬೇಕು. ಹುಡುಗರ ಬಟ್ಟೆಯನ್ನೂ ವಾಪಸ್ ಕೊಡಲಿ, ಅದು ಅವರಲ್ಲೊಬ್ಬನ ಮನೆಯ ಬೆಡ್‌ಶೀಟು. ಗುಂಡಿ ಮುಚ್ಚಲಿ, ದೀಪ ಹಾಕಲಿ, ಯಾವುದು ಮೊದಲಾದರೂ ಸರಿ. ಹಳೇ ಮ್ಯಾನೇಜರ್ ಫೈನಲ್‌ಗೂ ಬರುತ್ತಾರಂತೆ, ಬರಲಿ. ಅವರಿಗೆ ಎಷ್ಟು ಬೈಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ನಮಗೂ ಅವರಿಗೂ ಗೊತ್ತಿದೆ. ಮಧ್ಯೆ ಬರುವವರು ಫುಟ್ಬಾಲ್ ಯಾವುದು, ಹಾಕಿ ಯಾವುದು ಎಂದು ಮೊದಲು ಕಲಿತು, ಗಡಿಯಾರ ನೋಡಿಕೊಂಡು ಬರಲಿ.

– ನೊಂದ ಫುಟ್ಬಾಲ್ ಪ್ರೇಮಿ, ದಕ್ಷಿಣ ಕೊಡಗು